ತಪ್ಪಾದ್ರೆ ಯಾರ ಹತ್ರ ಹೋಗ್ಲಿ?

ಹೋದ ಸಲ ಶಿವಮೊಗ್ಗಕ್ಕೆ ಬಂದಾಗ ಅಮ್ಮನ ಜೊತೆ ತರಕಾರಿಗೆ ಹೋಗಿದ್ದೆ. ನನ್ನ ಜರ್ಮನಿ ನಂಬರಿನಲ್ಲಿ ಯುಪಿಐ ಇಲ್ಲ. ಹಾಗಾಗಿ ಫೋನ್ ತೆಗೆದಿದ್ದು ಅಮ್ಮನೇ. ಅಂಗಡಿಯವರು ಸ್ಕ್ಯಾನರ್ ಬೋರ್ಡನ್ನು ಇತ್ತ ತಿರುಗಿಸಿದರು. ಅಮ್ಮ ಸ್ಕ್ಯಾನ್ ಮಾಡಿ, ಫೋನಿನಲ್ಲಿ ಬಂದ ಹೆಸರನ್ನು ಜೋರಾಗಿ ಓದಿ, "ಇದು ನಿಮ್ಮ ಹೆಸ್ರೇ ಅಲ್ವೇನಪ್ಪಾ?" ಅಂತ ಕೇಳಿದಳು. ಅವರು ಹೌದು ಅಂದಮೇಲೆ ಸೆರಗು ಮರೆ ಮಾಡಿಕೊಂಡು ಪಿನ್ ಒತ್ತಿದಳು. ದುಡ್ಡು ಬಂತು ಅಂತ ಪೆಟ್ಟಿಗೆ ಕನ್ನಡದಲ್ಲಿ ಕೂಗುವ ತನಕ ಚೀಲಕ್ಕೆ ಕೈ ಹಾಕಲಿಲ್ಲ.

ದಾರಿಯಲ್ಲಿ "ಆ ಖಾತೆಯಲ್ಲಿ ಎಷ್ಟಿದೆಯಮ್ಮ?" ಅಂದೆ. ಎರಡು ಸಾವಿರ ಅಂದಳು. ಖಾಲಿಯಾದಾಗ ಬ್ಯಾಂಕಿಗೆ ಹೋಗಿ, ಚಲನ್ ಬರೆದು, ಇನ್ನೆರಡು ಸಾವಿರ ಹಾಕಿ ಬರುತ್ತಾಳಂತೆ. ಪೆನ್ಷನ್ ಬರುವ ಖಾತೆಯನ್ನು ಫೋನಿಗೆ ಜೋಡಿಸಿಯೇ ಇಲ್ಲ. ಅದರ ಪಾಸ್‌ಬುಕ್ ಬೀರುವಿನಲ್ಲಿ ಭದ್ರವಾಗಿದೆ. ನಿನಗೆ ಇಷ್ಟು ಚೆನ್ನಾಗಿ ಬರುತ್ತಲ್ಲ, ಮತ್ಯಾಕೆ ಹೀಗೆ ಅಂದಿದ್ದಕ್ಕೆ, "ಬರಲ್ಲ ಅಂತಲ್ಲ ಕಣೋ. ತಪ್ಪಾದ್ರೆ ಯಾರ ಹತ್ರ ಹೋಗ್ಲಿ?" ಅಂದಳು.

ಆ ಮಾತು ಇನ್ನೂ ನನ್ನ ತಲೆಯಲ್ಲೇ ಇದೆ. ಮೊಬೈಲ್ ಪಾವತಿ ಯಾಕೆ ಹಬ್ಬಿತು ಅಂತ ಯಾರನ್ನು ಕೇಳಿದರೂ ಸುಲಭ ಅದಕ್ಕೇ ಅನ್ನುತ್ತಾರೆ. ಸುಲಭ ಅನ್ನುವುದು ಒಂದು ಸಲ ಮಾಡಿ ನೋಡುವುದಕ್ಕೆ ಸಾಕು. ಪೆನ್ಷನ್ ಖಾತೆಯನ್ನೇ ಜೋಡಿಸುವುದಕ್ಕೆ ಸಾಲದು. ಒಂಬತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಎರಡೂ ಕಡೆಯ ರೀತಿ ನೋಡಿದ ಮೇಲೆ ನನಗೆ ಇದು ದಿನೇ ದಿನೇ ಗಟ್ಟಿಯಾಗುತ್ತಿದೆ.

ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಬ್ರೆಡ್ಡಿಗೆ, ಹೂವಿಗೆ, ಕಾಫಿಗೆ ಅವರು ಕೊಡುವುದು ನಾಣ್ಯ, ನೋಟು. ಫೋನಿನಿಂದ ದುಡ್ಡು ಕೊಡುವ ಮಾತೇ ಇಲ್ಲ. ಆದರೆ ಬಟ್ಟೆ ಮಾತ್ರ ಆನ್‌ಲೈನ್‌ನಲ್ಲೇ ತರಿಸುತ್ತಾರೆ. ಒಂದು ದಿನ ಮೂರು ಸ್ವೆಟರ್ ಬಂದಿದ್ದವು. ನನ್ನೆದುರೇ ಹಾಕಿ ನೋಡಿ ಎರಡನ್ನು ಮಡಚಿ ಅದೇ ಪೆಟ್ಟಿಗೆಗೆ ತುಂಬಿ ಟೇಪ್ ಅಂಟಿಸಿದರು. ಒಂದನ್ನು ಇಟ್ಟುಕೊಂಡರು. ಪೆಟ್ಟಿಗೆಯಲ್ಲಿದ್ದ ಬಿಲ್ಲಿನ ಚೀಟಿಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು. ಆ ಒಂದರ ದುಡ್ಡನ್ನು ಎರಡು ವಾರದೊಳಗೆ ಕಟ್ಟಿದರಾಯಿತು. ಇದಕ್ಕೆ ಇಲ್ಲಿ 'ರೆಖ್ನುಂಗ್', ಅಂದರೆ ಬಿಲ್ಲಿನ ಮೇಲೆ ಕೊಳ್ಳುವುದು ಅನ್ನುತ್ತಾರೆ. ಮೊದಲು ಸಾಮಾನು, ಆಮೇಲೆ ದುಡ್ಡು. ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಬಟ್ಟೆ ತರಿಸುತ್ತಿದ್ದ ಕಾಲದಿಂದ ಬಂದ ಪದ್ಧತಿ.

ನಮ್ಮಲ್ಲೂ ಇದಕ್ಕೆ ಹತ್ತಿರದ್ದೇ ಆಯಿತು ಅಲ್ವಾ? ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಮೇಲೆ, ಕಾರ್ಡ್ ಇದ್ದರೂ ಕೊಡಲು ಹೆದರುತ್ತಿದ್ದವರು ಧೈರ್ಯವಾಗಿ ಆರ್ಡರ್ ಮಾಡತೊಡಗಿದರು. ಎರಡೂ ದೇಶದಲ್ಲಿ ಜನರನ್ನು ಆನ್‌ಲೈನಿಗೆ ಎಳೆದು ತಂದಿದ್ದು ಹೊಸ ತಂತ್ರಜ್ಞಾನವಲ್ಲ. ಕಣ್ಣಿಗೆ ಸಾಮಾನು ಬಿದ್ದ ಮೇಲೆ ದುಡ್ಡು ಕೊಡಬಹುದು ಅನ್ನುವ ನಂಬಿಕೆ.

ಹಾಗಾದರೆ ದಿನದ ವ್ಯವಹಾರದಲ್ಲಿ ನಾವೇ ಇಷ್ಟು ಮುಂದೆ ಹೋಗಿದ್ದು ಹೇಗೆ? ಯುಪಿಐ ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ನವೆಂಬರ್ 8ಕ್ಕೆ ನೋಟು ರದ್ದಾಯಿತು. ಇವೆಲ್ಲ ಎಲ್ಲರಿಗೂ ಗೊತ್ತು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಅಂಗಡಿಯವರ ಲೆಕ್ಕ. 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿಯಿಂದ ಕಮಿಷನ್ ಹಿಡಿಯುವಂತಿಲ್ಲ. ಹತ್ತು ರೂಪಾಯಿಯ ಕೊತ್ತಂಬರಿ ಮಾರಿದರೂ ಪೂರ್ತಿ ಹತ್ತು ರೂಪಾಯಿ ಅವರಿಗೇ. ಜರ್ಮನಿಯಲ್ಲಿ ಹಾಗಲ್ಲ. ಪ್ರತಿ ಕಾರ್ಡ್ ಉಜ್ಜಿದಾಗಲೂ ಅಂಗಡಿಗೆ ಖರ್ಚಿದೆ. ಅದಕ್ಕೇ ಎಷ್ಟೋ ಸಣ್ಣ ಅಂಗಡಿಗಳಲ್ಲಿ 'ಕಾರ್ಡ್ 10 ಯೂರೋ ಮೇಲ್ಪಟ್ಟರೆ ಮಾತ್ರ' ಅನ್ನುವ ಚೀಟಿ ಇರುತ್ತದೆ. ಗಿರಾಕಿಯ ಮನಸ್ಸಿನ ಬಗ್ಗೆ ನಾವು ಸುಮ್ನೆ ಜಾಸ್ತಿ ಮಾತಾಡುತ್ತೇವೆ. ಗಲ್ಲಾದ ಆಚೆ ಕೂತವರು ಏನು ಬೇಡ ಅನ್ನುತ್ತಾರೋ ಅದನ್ನು ಗಿರಾಕಿ ಕಲಿಯುವುದೇ ಇಲ್ಲ.

ಅಮ್ಮ ಓದಿದಳಲ್ಲ, ಆ ಹೆಸರು. ಅದು ಸಣ್ಣ ವಿಷಯವಲ್ಲ. ಪಿನ್ ಒತ್ತುವ ಮುಂಚೆಯೇ ದುಡ್ಡು ಯಾರಿಗೆ ಹೋಗುತ್ತಿದೆ ಅಂತ ಯುಪಿಐ ತೋರಿಸುತ್ತದೆ. ಯೂರೋ ದೇಶಗಳ ಬ್ಯಾಂಕುಗಳಿಗೆ ಹೆಸರು ಮತ್ತು ಖಾತೆ ನಂಬರ್ ತಾಳೆ ನೋಡುವುದು ಕಡ್ಡಾಯವಾಗಿದ್ದು 2025ರ ಅಕ್ಟೋಬರ್ 9ರಿಂದ. ಅಲ್ಲಿಯ ತನಕ ಇಲ್ಲಿ ಇಪ್ಪತ್ತೆರಡು ಅಕ್ಷರ, ಅಂಕಿಗಳ ಐಬ್ಯಾನ್ ಅನ್ನುವ ಖಾತೆ ನಂಬರನ್ನು ಉಸಿರು ಬಿಗಿಹಿಡಿದು ಒತ್ತುತ್ತಿದ್ದೆ. ಈ ವಿಷಯದಲ್ಲಿ ನಮ್ಮವರು ಮಾಡಿದ ಕೆಲಸದ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಜರ್ಮನಿಯ ಕೇಂದ್ರ ಬ್ಯಾಂಕಿನ 2023ರ ಸಮೀಕ್ಷೆ ಪ್ರಕಾರ ಇಲ್ಲಿನ ದಿನನಿತ್ಯದ ಪಾವತಿಗಳಲ್ಲಿ ಶೇ. 51ರಷ್ಟು ಇನ್ನೂ ನಗದಿನಲ್ಲೇ.

ಆದರೆ ಜರ್ಮನ್ನರು ಹಿಂದುಳಿದಿದ್ದಾರೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಾಜಿಗಳ ಕಾಲ, ಆಮೇಲೆ ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕಾಲ, ಎರಡನ್ನೂ ಕಂಡ ಜನ ಇವರು. ನನ್ನ ಮಾಹಿತಿ ಯಾರ ಕೈಗೆ ಹೋಗಬೇಕು ಅಂತ ನಾನೇ ತೀರ್ಮಾನಿಸಬೇಕು, ಅದು ನನ್ನ ಹಕ್ಕು ಅಂತ ಇಲ್ಲಿನ ಸಂವಿಧಾನ ನ್ಯಾಯಾಲಯ 1983ರಲ್ಲೇ ಹೇಳಿದೆ. ನಾನು ಎಲ್ಲಿ ಏನು ಕೊಂಡೆ ಅನ್ನುವುದು ಬೇರೆಯವರಿಗೆ ಯಾಕೆ ಬೇಕು ಅನ್ನುವುದು ಪಕ್ಕದ ಮನೆ ಅಜ್ಜಿಗೆ ಬರೀ ಮಾತಲ್ಲ.

ನಮ್ಮಲ್ಲಿ ಈ ಯೋಚನೆ ಇಲ್ಲ ಅಂದುಕೊಂಡಿದ್ದೆ. 2025ರ ಜುಲೈನಲ್ಲಿ ಬೆಂಗಳೂರಿನ ಸುದ್ದಿ ನೋಡಿ ಅಭಿಪ್ರಾಯ ಬದಲಾಯಿತು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಕೆಲವೇ ದಿನಗಳಲ್ಲಿ ಎಷ್ಟೋ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನುವ ಬೋರ್ಡ್ ಬಂತು. ತೆರಿಗೆ ಕಟ್ಟಬೇಕಾ ಬೇಡವಾ ಅನ್ನುವ ವಾದ ಬೇರೆ, ಕಟ್ಟಬೇಕಾದವರು ಕಟ್ಟಲೇಬೇಕು. ನಾನು ನೋಡಿದ್ದು ಇಷ್ಟನ್ನೇ: ಒಂಬತ್ತು ವರ್ಷದ ಅಭ್ಯಾಸವನ್ನು ಒಂದು ನೋಟಿಸ್ ಒಂದೇ ವಾರದಲ್ಲಿ ಅಲುಗಾಡಿಸಿತು. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದ ದಿನ ಬೆಂಗಳೂರಿನ ವ್ಯಾಪಾರಿಯೂ ಸ್ಟುಟ್‌ಗಾರ್ಟಿನ ಅಜ್ಜಿಯ ಹಾಗೇ ನಡೆದುಕೊಂಡರು.

ಇನ್ನು ಅಮ್ಮನ ಪ್ರಶ್ನೆ. ಜರ್ಮನಿಯಲ್ಲಿ ಕರೆಂಟು, ಫೋನು, ವಿಮೆ ಎಲ್ಲದಕ್ಕೂ 'ಲಾಸ್ಟ್‌ಶ್ರಿಫ್ಟ್' ಅಂತ ಒಂದು ವ್ಯವಸ್ಥೆ ಇದೆ. ಕಂಪನಿಯವರೇ ನಮ್ಮ ಖಾತೆಯಿಂದ ದುಡ್ಡು ತೆಗೆದುಕೊಳ್ಳುತ್ತಾರೆ. ಕೇಳಿದರೆ ಭಯವಾಗುತ್ತೆ. ನನಗೂ ಆಗಿತ್ತು. ಆದರೆ ಎಂಟು ವಾರದೊಳಗೆ ಬ್ಯಾಂಕಿಗೆ ಹೇಳಿದರೆ ದುಡ್ಡು ವಾಪಸ್, ಕಾರಣ ಕೊಡಬೇಕಿಲ್ಲ. ನಾನು ಒಪ್ಪಿಗೆಯನ್ನೇ ಕೊಟ್ಟಿರದಿದ್ದರೆ ಹದಿಮೂರು ತಿಂಗಳ ತನಕ ಕೇಳಬಹುದು. ನನಗೆ ಒಂದು ಸಲ ಈ ಅನುಭವ ಆಗಿದೆ. ನಿಲ್ಲಿಸಿದ್ದ ಒಂದು ಸದಸ್ಯತ್ವಕ್ಕೆ ಮತ್ತೆ ದುಡ್ಡು ಹಿಡಿದಿದ್ದರು. ಬ್ಯಾಂಕಿನ ಆ್ಯಪಿನಲ್ಲಿ ಆ ಸಾಲನ್ನು ಒತ್ತಿ 'ವಾಪಸ್' ಅಂದೆ, ದುಡ್ಡು ಖಾತೆಗೆ ಬಂತು. ಆಮೇಲೆ ನಾನು ಎಲ್ಲ ಬಿಲ್ಲನ್ನೂ ಲಾಸ್ಟ್‌ಶ್ರಿಫ್ಟಿಗೆ ಹಾಕಿದೆ. ನನ್ನ ಮನಸ್ಸು ಬದಲಾಯಿಸಿದ್ದು ಆ ಒಂದು ಬಟನ್.

ನಮ್ಮಲ್ಲಿ? ನಮ್ಮ ತಪ್ಪಿಲ್ಲದೆ ಬೇರೆಯವರು ಖಾತೆಗೆ ಕನ್ನ ಹಾಕಿದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ನಿಯಮ ಮಾಡಿದೆ. ಆದರೆ ಮೋಸಗಾರರು ಈಗ ಕನ್ನ ಹಾಕುವುದಿಲ್ಲ, ನಮ್ಮ ಕೈಯಿಂದಲೇ ಪಿನ್ ಒತ್ತಿಸುತ್ತಾರೆ. ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸುತ್ತಾರೆ. ಆಗ ಬ್ಯಾಂಕಿನಿಂದ ನೀವೇ ಕಳಿಸಿದ್ದಲ್ವಾ ಅನ್ನುವ ಉತ್ತರ ಬರುತ್ತದೆ. ಯುಪಿಐನಲ್ಲಿ ಇನ್ನೊಬ್ಬರಿಗೆ ಕೋರಿಕೆ ಕಳಿಸಿ ದುಡ್ಡು ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ದಾರಿಯನ್ನು ಜನ-ಜನರ ನಡುವೆ 2025ರ ಅಕ್ಟೋಬರಿನಿಂದ ಮುಚ್ಚಿದ್ದು ಒಳ್ಳೆಯ ಕೆಲಸ. ಬ್ರಿಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2024ರ ಅಕ್ಟೋಬರಿನಿಂದ, ಹೀಗೆ ನಂಬಿಸಿ ಕಳಿಸಿಕೊಂಡ ದುಡ್ಡನ್ನೂ 85,000 ಪೌಂಡ್ ತನಕ ಗಿರಾಕಿಗೆ ತುಂಬಿಕೊಡಬೇಕು. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ಕಳ್ಳರಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿನ ಕೈಯೂ ಸುಡಬೇಕು ಅನ್ನುವ ಲೆಕ್ಕ. ಇಷ್ಟು ದೊಡ್ಡ ಯುಪಿಐ ಕಟ್ಟಿದ ನಮಗೆ ಇದು ಆಗದ ಕೆಲಸವೇ? ಇನ್ನೊಂದು ಕ್ಯಾಶ್‌ಬ್ಯಾಕ್ ಕೊಡುವ ಬದಲು ಇದನ್ನು ಕೊಡಲಿ ಅನ್ನುವುದು ನನ್ನ ಆಸೆ.

ವಾಪಸ್ ಹೊರಡುವ ಮುಂಚೆ, ಸೈಬರ್ ಮೋಸದ ಸಹಾಯವಾಣಿ 1930 ಅನ್ನುವುದನ್ನು ದೊಡ್ಡದಾಗಿ ಬರೆದು ಅಮ್ಮನ ಕೈಗೆ ಕೊಟ್ಟೆ. "ಇದಕ್ಕೆ ಫೋನ್ ಮಾಡಿದ್ರೆ ದುಡ್ಡು ವಾಪಸ್ ಬರುತ್ತೇನೋ?" ಅಂದಳು. ಬೇಗ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಇದೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಚೀಟಿ ನೋಡಿದಳು. ಆಮೇಲೆ ಅದನ್ನು ಪೆನ್ಷನ್ ಪಾಸ್‌ಬುಕ್ಕಿನೊಳಗಿಟ್ಟು ಬೀರುವಿಗೆ ಬೀಗ ಹಾಕಿದಳು.