ರಂಗೂನಿನಿಂದ ಪ್ರದೇಶ ಸಮಾಚಾರ

ಮೈಸೂರಿನ ಗೋಕುಲಂನಲ್ಲಿ ಒಂದು ಕಾಫಿ ಅಂಗಡಿ. ಅಲ್ಲಿ ಟ್ರಾನ್ಸಿಸ್ಟರಿಗೂ ಹಿಂದಿನ, ಗಾಜಿನ ವಾಲ್ವ್‌ಗಳ ರೇಡಿಯೋ ಇಟ್ಟಿದ್ದಾರೆ ಅಂತ ಮಗಳು ಕರೆದುಕೊಂಡು ಹೋದಳು. ಇಟ್ಟಿದ್ದರು, ಸುಳ್ಳಲ್ಲ. ಮರದ ಪೆಟ್ಟಿಗೆಗೆ ಹೊಸ ಪಾಲಿಶ್, ಗಾಜಿನ ಹಿಂದೆ ಎಲ್‌ಇಡಿ, ಹೊಟ್ಟೆಯೊಳಗೆ ಬ್ಲೂಟೂತ್ ಸ್ಪೀಕರ್! ಕಿತ್ತ ವಾಲ್ವ್‌ಗಳನ್ನು ಕೌಂಟರಿನ ಮೇಲೆ ಜಾಡಿಗೆ ತುಂಬಿದ್ದರು. ಒಂದನ್ನು ಎತ್ತಿ ನೋಡಿದೆ. ಇಎಲ್ 84, ಸ್ಪೀಕರಿಗೆ ಬಲ ಕೊಡುವ ವಾಲ್ವ್. ನೆತ್ತಿಯ ಒಳಗಿನ ಬೆಳ್ಳಿ ಬಣ್ಣದ ಲೇಪ ಹೊಳೆಯುತ್ತಿತ್ತು. ಗಾಳಿ ಹೊಕ್ಕಿದ್ದರೆ ಬಿಳಿಚಿಕೊಂಡಿರುತ್ತಿತ್ತು.

“ಇದಿನ್ನೂ ಬದುಕಿರಬಹುದು ಕಣಪ್ಪಾ” ಅಂದೆ.

“ಫುಲ್ ವಿಂಟೇಜ್ ಅಲ್ವಾ ಅಂಕಲ್” ಅಂದ ಹುಡುಗ.

1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಅನ್ನುವ ರೇಡಿಯೋ ಕೇಂದ್ರ ಶುರು ಮಾಡಿದ ಊರಯ್ಯಾ ಇದು ಅನ್ನೋಣ ಅಂತ ಬಾಯಿ ತೆರೆದೆ. ಮಗಳು ಮೇಜಿನ ಕೆಳಗೆ ಕಾಲು ತುಳಿದಳು.

ಆ ಕಾಲದ ಸದ್ದೇ ಸದ್ದು ಅಂತ ಕಣ್ಣೊರೆಸಿಕೊಳ್ಳುವವನು ನಾನಲ್ಲ. ಸ್ವಿಚ್ ಹಾಕಿ ಫಿಲಮೆಂಟ್ ಕಾಯುವ ತನಕ ಸುಮ್ನೆ ಕೂತಿರಬೇಕಿತ್ತು. ಶಾರ್ಟ್ ವೇವ್‌ನಲ್ಲಿ ಸಿಲೋನಿನ ಹಾಡು ಪಲ್ಲವಿಗೆ ತೇಲಿ ಚರಣಕ್ಕೆ ಮುಳುಗುತ್ತಿತ್ತು. ಕಂಡೆನ್ಸರ್ ಹೋದರೆ ಹಾಡಿಗಿಂತ ಗುಂಯ್ ಅನ್ನುವುದೇ ಜಾಸ್ತಿ. ಇಷ್ಟರ ಮೇಲೆ ಪೋಸ್ಟಾಫೀಸಿನಲ್ಲಿ ಲೈಸೆನ್ಸಿಗೆ ದುಡ್ಡು ಬೇರೆ ಕಟ್ಟಬೇಕು. ಆದರೂ, ಕೆಟ್ಟಿದ್ದರೆ ಕೆಟ್ಟದ್ದನ್ನೇ ಇಡಿ. ಕರುಳು ಬಗೆದು ಇಂಗ್ಲಿಷ್ ಪಾಪ್ ಹಾಡಿಸಬೇಡಿ.

ಡಯಲ್ ಗಾಜಿನ ಮೇಲೆ ಸ್ಟೇಷನ್‌ಗಳಿರುವ ಊರುಗಳ ಹೆಸರು ಮಾತ್ರ ಹಾಗೇ ಉಳಿದಿದ್ದವು. ಅದರಲ್ಲಿ ಬರ್ಮಾದ ರಂಗೂನ್ ಕಂಡರೆ ನನಗೆ ಅಜ್ಜಿಯ ನೆನಪು.

ಅಗ್ರಹಾರದ ಮನೆಯಲ್ಲಿ ನಮ್ಮದೂ ಆಲ್ ವೇವ್ ಸೆಟ್ಟು. ಒಂದು ದಿನ ಡಯಲ್ ದಾರಕ್ಕೆ ಕಚ್ಚಿಸಿದ್ದ ಮುಳ್ಳು ಕಳಚಿಕೊಂಡಿತು. ಗುಂಡಿ ತಿರುವಿದರೆ ದಾರ ಓಡುತ್ತೆ, ಸ್ಟೇಷನ್ ಹಿಡಿಸುವ ಗ್ಯಾಂಗ್ ಕಂಡೆನ್ಸರ್ ತಿರುಗುತ್ತೆ, ಸ್ಟೇಷನ್ನೂ ಬದಲಾಗುತ್ತೆ. ಮುಳ್ಳು ಮಾತ್ರ ರಂಗೂನ್ ಬಿಟ್ಟು ಕದಲದು. ಬೆಂಗಳೂರಿನ ಪ್ರದೇಶ ಸಮಾಚಾರ ಹಾಗೆ ರಂಗೂನಿನಿಂದ ಬರತೊಡಗಿತು. “ಅಲ್ಲಿಯವರು ಎಷ್ಟು ಸ್ಪಷ್ಟವಾಗಿ ಕನ್ನಡ ಮಾತಾಡ್ತಾರೆ ನೋಡಿ” ಅಂತ ಅಜ್ಜಿ ಬೀದಿಗೆಲ್ಲ ಸಾರಿ ಬಂದರು.

ಇಂಜಿನಿಯರಿಂಗ್ ಓದುತ್ತಿದ್ದ ಚಿಕ್ಕಪ್ಪನಿಗೆ ಮಾನ ಹೋದಂತಾಯಿತು. ಹಿಂದಿನ ಮುಚ್ಚಳ ಬಿಚ್ಚಿ ಅಜ್ಜಿಯನ್ನು ಕೂರಿಸಿಕೊಂಡ. ಸೆಟ್ಟು ತನ್ನದೇ ಒಂದು ಅಲೆ ಹುಟ್ಟಿಸುತ್ತೆ, ಸ್ಟೇಷನ್ನಿನ ಅಲೆಗೆ ಬೆರೆಸುತ್ತೆ, ಎರಡರ ವ್ಯತ್ಯಾಸ ಯಾವಾಗಲೂ 455 ಕಿಲೋಹರ್ಟ್ಸ್ ಬರೋ ಹಾಗೆ ನೋಡಿಕೊಳ್ಳುತ್ತೆ. ಯಾವ ಸ್ಟೇಷನ್ ಹಿಡಿದರೂ ಮುಂದಿನ ವಾಲ್ವ್‌ಗೆ ಸಿಗೋದು ಅದೇ 455. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

“ಹಂಗಾದ್ರೆ ಒಳಕ್ಕೆ ಬಂದ್ಮೇಲೆ ಬೆಂಗ್ಳೂರೂ ಒಂದೇ, ರಂಗೂನೂ ಒಂದೇ. ಮತ್ತೆ ನಾನು ಹೇಳಿದ್ರಲ್ಲಿ ತಪ್ಪೇನೋ?”

ಚಿಕ್ಕಪ್ಪ ಮುಚ್ಚಳ ಹಾಕಿದ. ಆಮೇಲೆ ರಿಪೇರಿಯವನು ಬಂದು ಮುಳ್ಳನ್ನು ದಾರಕ್ಕೆ ಸಿಕ್ಕಿಸಿ, ಬೆಂಗಳೂರನ್ನು ಅದರ ಜಾಗದಲ್ಲೇ ಕೂರಿಸಿ ಹೋದ. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. ರೇಡಿಯೋದಲ್ಲಿ ಮಳೆ ಅಂತ ಹೇಳಿ ಮಳೆ ಬಾರದ ದಿನ, ಒಣಗಿಸದೆ ಒಳಗಿಟ್ಟ ಹಪ್ಪಳದ ಹಿಟ್ಟು ನೋಡಿಕೊಂಡು ಗೊಣಗುತ್ತಿದ್ದರು: “ಇವರಿಗಿಂತ ರಂಗೂನಿನವರೇ ವಾಸಿ.”