ಒತ್ತಕ್ಷರ ಕತ್ತರಿಸುವ ಸ್ಕ್ರೀನುಗಳ ಬಗ್ಗೆ

ಬೆಂಗಳೂರಿನಲ್ಲಿ ನಡೆದ ಇಂಟರಾಕ್ಷನ್ ಡಿಸೈನ್ (ಆ್ಯಪ್, ವೆಬ್‌ಸೈಟುಗಳನ್ನು ಜನ ಬಳಸುವ ರೀತಿಯನ್ನು ರೂಪಿಸುವ ಕೆಲಸ) ಸಮ್ಮೇಳನ ಮುಗಿಸಿಕೊಂಡು ಈಗಷ್ಟೇ ಮನೆಗೆ ಬಂದೆ. ಕಲಿತದ್ದು ಬಹಳ ಇದೆ. ಸಿಟ್ಟೂ ಅಷ್ಟೇ ಇದೆ. ಆರುವ ಮೊದಲು ಬರೆದುಬಿಡುತ್ತೇನೆ.

ಮೊದಲು ಖುಷಿಯ ವಿಷಯ. ಎರಡನೇ ದಿನ ಮಧ್ಯಾಹ್ನದ ಕಾರ್ಯಾಗಾರ ನಡೆಸಿದ ಹುಡುಗಿ ಸ್ಲೈಡೇ ಹಾಕಲಿಲ್ಲ. "ನೀವು ಮಾಡಿರೋ ಆ್ಯಪ್ ತೆಗೀರಿ. ಭಾಷೆ ಕನ್ನಡಕ್ಕೆ ಬದಲಾಯಿಸಿ. ಅಕ್ಷರದ ಗಾತ್ರ ಪೂರ್ತಿ ದೊಡ್ಡದು ಮಾಡಿ. ಆಮೇಲೆ ಫೋನನ್ನ ಪಕ್ಕದವರ ಕೈಗೆ ಕೊಡಿ" ಅಂದಳು.

ನನ್ನ ಕೈಗೆ ಬಂದದ್ದು ಬಿಲ್ ಕಟ್ಟುವ ಒಂದು ಸ್ಕ್ರೀನು. "ಒಟ್ಟು ಮೊತ್ತ" ಅಂತ ಇರಬೇಕಿತ್ತು. ಕೆಳಗಿನ ಒತ್ತುಗಳೆಲ್ಲ ಕತ್ತರಿಸಿ ಹೋಗಿ "ಒಟು ಮೊತ" ಅಂತ ಕಾಣುತ್ತಿತ್ತು. ಅದರ ಕೆಳಗಿದ್ದ ಬಟನ್ನಿನಲ್ಲಿ ಎರಡು ಅಕ್ಷರ, ಆಮೇಲೆ ಮೂರು ಚುಕ್ಕಿ. ಒತ್ತಿದರೆ ದುಡ್ಡು ಹೋಗುತ್ತದೋ, ಬಿಲ್ಲು ರದ್ದಾಗುತ್ತದೋ, ಗೊತ್ತಾಗುವ ಹಾಗೇ ಇರಲಿಲ್ಲ.

ಯಾಕೆ ಹೀಗಾಗುತ್ತದೆ ಅನ್ನೋದು ಸ್ಕ್ರೀನು ವಿನ್ಯಾಸ ಮಾಡುವ ನಮಗೆಲ್ಲ ಗೊತ್ತು. ಇಂಗ್ಲಿಷಿನ ಬಹುಪಾಲು ಅಕ್ಷರಗಳು ಸಾಲಿನ ಮೇಲೆ ಕೂರುತ್ತವೆ. ಕೆಳಗೆ ಬಾಲ ಇಳಿಬಿಡುವವು ಕೆಲವೇ. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತು, ಆ ಒತ್ತಿಗೂ ಇನ್ನೊಂದು ಒತ್ತು. "ರಾಷ್ಟ್ರ" ಬರೆದು ನೋಡಿ, ಎಷ್ಟು ಕೆಳಗೆ ಇಳಿಯುತ್ತದೆ ಅಂತ. ಇಂಗ್ಲಿಷಿಗೆ ಅಳತೆ ತೆಗೆದು, ಎತ್ತರವನ್ನು ಬಿಗಿ ಮಾಡಿಟ್ಟ ಚೌಕದೊಳಗೆ ಅದನ್ನು ತುರುಕಿದರೆ ಕೆಳಭಾಗ ಹೋಗದೆ ಇನ್ನೇನಾಗುತ್ತದೆ?

ಅಕ್ಷರ ಎಣಿಸುವುದರಲ್ಲೂ ಇದೇ ಗೋಳು. "ಸ್ತ್ರೀ" ನಮಗೆ ಒಂದೇ ಅಕ್ಷರ. ಕಂಪ್ಯೂಟರು ಲಿಪಿಗಳನ್ನು ಗುರುತಿಸಲು ಬಳಸುವ ಯೂನಿಕೋಡಿನಲ್ಲಿ ಅದು ಆರು: ಸ, ತ, ರ, ನಡುವೆ ಎರಡು ಹಲಂತ (ಒತ್ತು ಮೂಡಿಸುವ ಚಿಹ್ನೆ), ಕೊನೆಗೊಂದು ಈಕಾರ. ಹೆಸರಿಗೆ ಇಪ್ಪತ್ತೇ ಅಕ್ಷರ ಅಂತ ಮಿತಿ ಹಾಕುವವರು ಇದನ್ನು ಯೋಚಿಸಿರುತ್ತಾರಾ? ಪ್ರೊಫೈಲ್ ಫೋಟೋ ಇಲ್ಲದಿದ್ದರೆ ಹೆಸರಿನ ಮೊದಲ ಅಕ್ಷರ ಹಾಕುತ್ತಾರಲ್ವಾ, ಅಲ್ಲಿ ಶ್ರೀನಿವಾಸರಿಗೆ ಸಿಗುವುದು ಬರೀ "ಶ". ಒತ್ತೂ ಇಲ್ಲ, ದೀರ್ಘವೂ ಇಲ್ಲ. ಒಬ್ಬ ಮನುಷ್ಯನ ಹೆಸರು ಅದು!

ಇಷ್ಟೆಲ್ಲ ಕಣ್ಣಾರೆ ನೋಡಿದ ಮೇಲೆ ಅದೇ ಸಭಾಂಗಣದಲ್ಲಿ ಮುಂದಿನ ಭಾಷಣ ಶುರುವಾಯಿತು. ಮತ್ತೆ ಎಲ್ಲ ಸ್ಕ್ರೀನೂ ಇಂಗ್ಲಿಷು. ಮಧ್ಯಾಹ್ನ ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ. ಭಾಷಣದ ವಿಷಯ ಒಳ್ಳೆಯದೇ, ಬಟನ್ನಿನ ಗಾತ್ರ. ವೆಬ್ಬು ಎಲ್ಲರಿಗೂ ಬಳಸಲಿಕ್ಕೆ ಬರಲಿ ಅಂತ ಮಾಡಿದ ನಿಯಮಾವಳಿ ಡಬ್ಲ್ಯುಸಿಎಜಿ. 2023ರಲ್ಲಿ ಬಂದ ಅದರ 2.2ನೇ ಆವೃತ್ತಿಯ ಪ್ರಕಾರ ಬಟನ್ನು ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು, ಇಲ್ಲವಾದರೆ ಸುತ್ತ ಸಾಕಷ್ಟು ಜಾಗ ಬಿಡಬೇಕು. ಬೆರಳಿಗೆ ಬಟನ್ ಸಿಗಲಿ ಅಂತ ಈ ನಿಯಮ. ತುಂಬ ಸರಿ. ಆದರೆ ಆ ಬಟನ್ನಿನ ಮೇಲೆ ಬರೆದದ್ದು ಓದಲಿಕ್ಕೂ ಬರಬೇಕಲ್ಲ? ಅದೇ ನಿಯಮಾವಳಿಯ 2018ರ 2.1ನೇ ಆವೃತ್ತಿಯಲ್ಲೇ ಇನ್ನೊಂದು ನಿಯಮ ಇದೆ. ಓದುವವರು ಸಾಲಿನ ಎತ್ತರವನ್ನು ಅಕ್ಷರ ಗಾತ್ರದ 1.5 ಪಟ್ಟಿಗೆ ಏರಿಸಿಕೊಂಡರೂ ಯಾವುದೂ ಕತ್ತರಿಸಿ ಹೋಗಬಾರದು. ಇದೊಂದನ್ನು ನಿಯತ್ತಾಗಿ ಪಾಲಿಸಿದ್ದರೆ ನಮ್ಮ ಒತ್ತಕ್ಷರಗಳು ಎಷ್ಟೋ ಕಡೆ ಉಳಿದುಕೊಳ್ಳುತ್ತಿದ್ದವು. ಅದರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಟೀ ಕುಡಿಯುವಾಗ ಒಬ್ಬ ಹಿರಿಯರ ಹತ್ತಿರ ಕೇಳಿದೆ. "ಕನ್ನಡ ಆಯ್ಕೆ ಮಾಡ್ಕೊಳ್ಳೋರು ತುಂಬ ಕಮ್ಮಿ ಮೇಡಂ. ಮೊದಲು ಇಂಗ್ಲಿಷಲ್ಲಿ ಬಿಡೋಣ, ಜನ ಬಂದ್ರೆ ಆಮೇಲೆ ನೋಡೋಣ" ಅಂದರು. ಈ ಮಾತು ನಾನು ಒಪ್ಪುವುದಿಲ್ಲ. ಜನ ಕನ್ನಡ ಒತ್ತಿ ನೋಡುತ್ತಾರೆ. "ಒಟು ಮೊತ" ಕಾಣುತ್ತದೆ. ಇದರ ಸಹವಾಸವೇ ಬೇಡ ಅಂತ ಇಂಗ್ಲಿಷಿಗೆ ವಾಪಸ್ ಹೋಗುತ್ತಾರೆ. ಅದನ್ನೇ ಲೆಕ್ಕ ಹಾಕಿ ಕನ್ನಡಕ್ಕೆ ಬೇಡಿಕೆ ಇಲ್ಲ ಅನ್ನುವುದು ನ್ಯಾಯವಾ? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರೇ ಸುಮಾರು 4.37 ಕೋಟಿ. ಒಳ್ಳೆ ಫಾಂಟ್ ಇಲ್ಲ ಅನ್ನುವ ಹಳೇ ನೆಪವೂ ಈಗ ನಡೆಯುವುದಿಲ್ಲ. ನೋಟೋ ಸಾನ್ಸ್ ಕನ್ನಡ ಇದೆ, ಬಾಲೂ ತಮ್ಮ ಇದೆ, ಅನೇಕ್ ಕನ್ನಡ ಇದೆ. ಎಲ್ಲ ಉಚಿತ.

ನನಗೆ ಇದು ಇಷ್ಟು ತಟ್ಟುವುದಕ್ಕೆ ಕಾರಣ ಅಮ್ಮ. ತಿಪಟೂರಿನಲ್ಲಿ ವರ್ಷಗಟ್ಟಲೆ ಮೇಷ್ಟ್ರಾಗಿದ್ದವಳು ಅಂತ ನಿಮಗೆಲ್ಲ ಗೊತ್ತು. ಈಗಲೂ ಪೇಪರನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದುತ್ತಾಳೆ. ಆದರೆ ಕರೆಂಟ್ ಬಿಲ್ ಮಾತ್ರ ಪಕ್ಕದ ಮನೆ ಹುಡುಗ ಕಟ್ಟಬೇಕು. ಪಿನ್ ಕೂಡ ಅವನಿಗೇ ಹೇಳುತ್ತಾಳೆ. ಯಾಕಮ್ಮಾ ಅಂದರೆ, "ಅದ್ರಲ್ಲಿ ಬರ್ದಿರೋದು ನಂಗೆ ತಿಳಿಯಲ್ಲ ಕಣೇ" ಅನ್ನುತ್ತಾಳೆ. ನೂರಾರು ಮಕ್ಕಳಿಗೆ ಕಾಗುಣಿತ ಕಲಿಸಿದವಳು! ಹುಡುಗ ಒಳ್ಳೆಯವನು, ಆ ಮಾತು ಬೇರೆ. ಆದರೆ ಸುರಕ್ಷತೆ ಅಂತ ಅಷ್ಟು ದೊಡ್ಡ ತಂಡ ಕಟ್ಟುತ್ತೇವೆ, ಕತ್ತರಿಸಿದ ಒತ್ತಕ್ಷರದ ದೆಸೆಯಿಂದ ಒಬ್ಬರ ಪಿನ್ ಇನ್ನೊಬ್ಬರ ಕೈಗೆ ಹೋಗುತ್ತಿದೆ. ಇದನ್ನು ಯಾವ ವೇದಿಕೆಯಲ್ಲಿ ಹೇಳಬೇಕು? ಆ ಕಾರ್ಯಾಗಾರದಲ್ಲಿ ಫೋನ್ ಹಿಡಿದು ಕೂತಾಗ ನನಗೆ ಅಳು ಬಂದಿತ್ತು.

ಸೋಮವಾರದಿಂದ ನಮ್ಮ ತಂಡದಲ್ಲಿ ಪ್ರತಿ ಸ್ಕ್ರೀನಿನ ಮೊದಲ ಕರಡು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇಂಗ್ಲಿಷು ಆಮೇಲೆ. ಮ್ಯಾನೇಜರಿಗೆ ಹೇಳಿದ್ದೇನೆ, ಇನ್ನೂ ಹೂಂ ಅಂದಿಲ್ಲ. ಒಪ್ಪಿಸುವುದಕ್ಕೆ ನಿಮ್ಮ ಸಹಾಯ ಬೇಕು. ನಿಮ್ಮ ಅಪ್ಪ, ಅಮ್ಮ, ಅಜ್ಜಿಯ ಫೋನಿನಲ್ಲಿ ಕನ್ನಡ ಹೀಗೆ ಮುರಿದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ. ಹೆಸರು, ಖಾತೆ ಸಂಖ್ಯೆ ಮುಚ್ಚಿ ಕಳಿಸಿ. ಯಾವ ಫೋನು, ಅಕ್ಷರದ ಗಾತ್ರ ಎಷ್ಟಿಟ್ಟಿದ್ದಾರೆ ಅನ್ನುವುದನ್ನೂ ಬರೆಯಿರಿ.