ದೂರು ಕೊಟ್ಟವರ ಪಾಡು

ಇಂಗ್ಲೆಂಡಿನ ಜಿಲ್ಲಾ ಮಂಡಳಿಯ ಸದಸ್ಯರೊಬ್ಬರು ಎಷ್ಟೇ ಒರಟಾಗಿ ನಡೆದುಕೊಂಡರೂ, ಅವರ ಮೇಲಿನ ದೂರು ಹೋಗಿ ಸೇರುವುದು ಅದೇ ಮಂಡಳಿಯ ಸಂಬಳದಲ್ಲಿದ್ದು ಸದಸ್ಯರ ನಡತೆಯ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಅಧಿಕಾರಿಯ ಮೇಜಿಗೆ. ತನಿಖೆ ಬೇಕೋ ಬೇಡವೋ ಎಂದು ಸೋಸುವವರೂ ಸಾಮಾನ್ಯವಾಗಿ ಅವರೇ. ತನಿಖೆ ನಡೆದರೆ, ತೀರ್ಮಾನಕ್ಕೆ ಮುನ್ನ ಮಂಡಳಿಯ ಸದಸ್ಯರೂ ನೌಕರರೂ ಅಲ್ಲದ ಒಬ್ಬ ‘ಸ್ವತಂತ್ರ ವ್ಯಕ್ತಿ’ಯ ಅಭಿಪ್ರಾಯ ಕೇಳಲೇಬೇಕೆಂದು 2011ರ ಸ್ಥಳೀಯತಾ ಕಾಯ್ದೆ ವಿಧಿಸುತ್ತದೆ, ಆದರೆ ಕೇಳಿದ್ದನ್ನು ಪಾಲಿಸಬೇಕೆಂದು ಹೇಳುವುದಿಲ್ಲ. (ಕೇಳಿಸಿಕೊಳ್ಳುವುದೇ ದೊಡ್ಡ ಉಪಕಾರವೆಂದು ಭಾವಿಸಿರಬೇಕು.) ದೂರುದಾರರು ತಿಂಗಳುಗಟ್ಟಲೆ ಕಾದು, ಸಾಕ್ಷ್ಯ ಒದಗಿಸಿ, ತಪ್ಪು ಸಾಬೀತಾದ ಮೇಲೂ ಸದಸ್ಯರನ್ನು ಅಮಾನತು ಮಾಡುವ ಅಧಿಕಾರವನ್ನು ಆ ಕಾಯ್ದೆ ಮಂಡಳಿಗೆ ಕೊಟ್ಟಿಲ್ಲ, ಅಂಥ ಅಧಿಕಾರವಿದ್ದ ಹಳೆಯ ವ್ಯವಸ್ಥೆ 2012ರಲ್ಲೇ ಮುಗಿಯಿತು. ಉಳಿದಿರುವುದು ಖಂಡನೆ, ತರಬೇತಿಯ ಸಲಹೆ, ಕ್ಷಮೆ ಕೇಳಿರೆಂಬ ವಿನಂತಿಯಂಥವು. ಆ ಕ್ಷಮೆಯನ್ನೂ ಸದಸ್ಯರು ಕೇಳದಿದ್ದರೆ, ಮರುವಾರದ ಸಭೆಯಲ್ಲಿ ದೂರುದಾರರ ಎದುರಿಗೇ ಹಾಯಾಗಿ ಕುಳಿತಿರುತ್ತಾರೆ.